ಗೋಲ್ಡ್‌ಫಿಶ್ ತೊಟ್ಟಿಯ ಕಾಣದ ಅಮೋನಿಯ

ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದ ಗೋಲ್ಡ್‌ಫಿಶ್ ಎರಡು ಮೂರು ವಾರದಲ್ಲೇ ಸತ್ತು ತೇಲಿದರೆ ನಮ್ಮಲ್ಲಿ ಒಂದು ಸಮಾಧಾನದ ಮಾತು ಸಿದ್ಧವಾಗಿರುತ್ತದೆ: ಮನೆಗೆ ಬರಬೇಕಿದ್ದ ಕಂಟಕವನ್ನು ಅದು ತನ್ನ ಮೇಲೆ ಎಳೆದುಕೊಂಡು ಹೋಯಿತು. ಹಾಗೆಂದುಕೊಂಡು ಅದೇ ತೊಟ್ಟಿಗೆ ಮತ್ತೊಂದು ಜೋಡಿ ತಂದು ಬಿಡುತ್ತಾರೆ. ಅವೂ ಸಾಯುತ್ತವೆ. ಈ ನಂಬಿಕೆ ಕಾರಣ ಹುಡುಕಲು ಬಿಡುವುದಿಲ್ಲ ಎಂಬುದೇ ನನ್ನ ತಕರಾರು. ಹೊಸ ತೊಟ್ಟಿಯಲ್ಲಿ ಮೀನು ಸತ್ತರೆ ಮೊದಲು ಅನುಮಾನಿಸಬೇಕಾದದ್ದು ಅಮೋನಿಯವನ್ನು.

ಗೋಲ್ಡ್‌ಫಿಶ್ ಕಾರ್ಪ್ ಕುಟುಂಬಕ್ಕೆ ಸೇರಿದ್ದು. ನಮ್ಮ ಕಾಟ್ಲಾ, ರೋಹುಗಳ ಬಂಧು. ಸಾವಿರ ವರ್ಷಗಳ ಹಿಂದೆಯೇ ಚೀನಾದಲ್ಲಿ, ಮಾಸಲು ಬಣ್ಣದ ಮೀನುಗಳ ನಡುವೆ ಅಪರೂಪಕ್ಕೆ ಹುಟ್ಟುತ್ತಿದ್ದ ಹೊಂಬಣ್ಣದವನ್ನು ಆರಿಸಿ ಕೊಳಗಳಲ್ಲಿ ಸಾಕಿದ್ದರಿಂದ ಈ ತಳಿ ಬಂತು. ಇದಕ್ಕೆ ಜಠರವೇ ಇಲ್ಲ. ತಿಂದದ್ದು ನೇರ ಕರುಳಿಗೆ ಹೋಗುವುದರಿಂದ ದಿನವಿಡೀ ಸ್ವಲ್ಪಸ್ವಲ್ಪವೇ ಮೇಯುವುದು ಅದರ ಸ್ವಭಾವ. ನಮ್ಮನ್ನು ನೋಡಿ ಗಾಜಿನ ಬಳಿ ಓಡಿ ಬಂದಾಗಲೆಲ್ಲ ಹಸಿದಿದೆ ಎಂದುಕೊಂಡು ಚಿಟಿಕೆ ಆಹಾರ ಉದುರಿಸುತ್ತೇವೆ. ಆಹಾರದ ಪ್ರೋಟೀನ್ ಅರಗಿದಾಗ ಉಳಿಯುವ ಸಾರಜನಕವನ್ನು ನಮ್ಮ ದೇಹ ಯೂರಿಯಾ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ಮೀನು ಅದರ ಬಹುಪಾಲನ್ನು ಅಮೋನಿಯವಾಗಿಯೇ ಕಿವಿರುಗಳ ಮೂಲಕ ನೀರಿಗೆ ಬಿಡುತ್ತದೆ. ಕೆರೆಯಲ್ಲಿ ಅದು ಕರಗಿ ಹಂಚಿಹೋಗುತ್ತದೆ. ಐದು ಲೀಟರಿನ ಬೋಗುಣಿಯಲ್ಲಿ ಅಲ್ಲೇ ಉಳಿದು ಕಿವಿರನ್ನೇ ಸುಡುತ್ತದೆ. ನೀರು ಮಾತ್ರ ಕನ್ನಡಿಯಂತೆ ತಿಳಿಯಾಗಿರುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಇದಕ್ಕೆ ಪರಿಹಾರ ಬ್ಯಾಕ್ಟೀರಿಯಾಗಳ ಬಳಿ ಇದೆ. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ. ರಕ್ತದ ಹೀಮೊಗ್ಲೋಬಿನ್ ಆಮ್ಲಜನಕ ಒಯ್ಯದಂತೆ ತಡೆಯುತ್ತದೆ. ಮತ್ತೊಂದು ಗುಂಪು ಅದನ್ನು ನೈಟ್ರೇಟ್ ಆಗಿ ಬದಲಿಸುತ್ತದೆ. ನೈಟ್ರೇಟನ್ನು ಮೀನು ಸಾಕಷ್ಟು ತಾಳಿಕೊಳ್ಳಬಲ್ಲದು. ಈ ಸೂಕ್ಷ್ಮಜೀವಿಗಳು ಫಿಲ್ಟರಿನ ಸ್ಪಂಜು, ತಳದ ಕಲ್ಲು, ಗಾಜಿನ ಮೇಲ್ಮೈಗೆ ಅಂಟಿಕೊಂಡು ಬೆಳೆಯುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮೀನು ಸಾಯುವುದು ಸರಿಯಾಗಿ ಈ ಅವಧಿಯಲ್ಲೇ.

ಅಷ್ಟರ ಮೇಲೆ ನಮ್ಮ ಶುಚಿತ್ವದ ಉತ್ಸಾಹ. ಭಾನುವಾರ ಮೀನನ್ನು ಮಗ್ಗಿಗೆ ಹಾಕಿ, ಪೂರ್ತಿ ನೀರು ಚೆಲ್ಲಿ, ಕಲ್ಲುಗಳನ್ನು ತಿಕ್ಕಿ, ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ತೊಳೆಯುತ್ತಾರೆ. ಪ್ರೀತಿಯಿಂದಲೇ ಮಾಡುವ ಈ ಕೆಲಸ ಕಷ್ಟಪಟ್ಟು ಬೆಳೆದ ಬ್ಯಾಕ್ಟೀರಿಯಾಗಳನ್ನು ತೊಳೆದುಹಾಕುತ್ತದೆ. ಜೊತೆಗೆ ನಲ್ಲಿ ನೀರಿನ ಕ್ಲೋರಿನ್ ಉಳಿದವನ್ನು ಕೊಂದು ಕಿವಿರನ್ನೂ ಕೆಡಿಸುತ್ತದೆ. ವಾರಕ್ಕೊಮ್ಮೆ ಕಾಲು ಭಾಗದಿಂದ ಮೂರನೇ ಒಂದು ಭಾಗ ನೀರು ಬದಲಿಸಿದರೆ ಸಾಕು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಅದ್ದಿ ಹಿಂಡಬೇಕು. ಹೊಸ ನೀರಿಗೆ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿ ಹಾಕಬೇಕು; ಅದರಲ್ಲಿ ಹೆಚ್ಚಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್, ಕ್ಲೋರಿನ್ನನ್ನು ಕ್ಷಣದಲ್ಲಿ ನಿಷ್ಕ್ರಿಯಗೊಳಿಸುತ್ತದೆ.

ಬೋರ್‌ವೆಲ್ ನೀರು ಬಳಸುವವರು ಇನ್ನೊಂದು ವಿಷಯ ತಿಳಿದಿರಬೇಕು. ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 7 ಇದ್ದಾಗ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಟ್ಟು ಅಮೋನಿಯದಲ್ಲಿ ಶೇ. 1ಕ್ಕಿಂತ ಕಡಿಮೆ ಮಾತ್ರ ವಿಷಕಾರಿ ರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಏರಿದರೆ ಅದು ಸುಮಾರು ಶೇ. 5 ಆಗುತ್ತದೆ. ಗಡಸು ನೀರು ಗೋಲ್ಡ್‌ಫಿಶ್‌ಗೆ ಒಗ್ಗುತ್ತದೆ. ಆದರೆ ಇಂಥ ನೀರು ಕ್ಷಾರೀಯವೂ ಆಗಿದ್ದರೆ ಅದರಲ್ಲಿ ಅತಿಯಾಗಿ ಆಹಾರ ಹಾಕುವ ತಪ್ಪಿಗೆ ಶಿಕ್ಷೆ ಹೆಚ್ಚು.

ಹೀಗಿದ್ದೂ ಪುಟ್ಟ ಬೋಗುಣಿಯಲ್ಲಿ ಕೆಲವು ಮೀನುಗಳು ತಿಂಗಳುಗಟ್ಟಲೆ ಬದುಕುತ್ತವಲ್ಲ ಎಂದು ಕೇಳಬಹುದು. ಗೋಲ್ಡ್‌ಫಿಶ್‌ನ ತಾಳಿಕೆ ಅಸಾಧಾರಣ. ಆಮ್ಲಜನಕ ಪೂರ್ತಿ ಇಲ್ಲದಾಗಲೂ ಅದರ ಸ್ನಾಯುಗಳು ಲ್ಯಾಕ್ಟಿಕ್ ಆಮ್ಲವನ್ನು ಎಥನಾಲ್ ಆಗಿ ಬದಲಿಸಿ ಕಿವಿರಿನಿಂದ ಹೊರಬಿಟ್ಟು ಜೀವ ಉಳಿಸಿಕೊಳ್ಳಬಲ್ಲವು. ಹಿಮಗಟ್ಟುವ ನಾಡುಗಳ ಚಳಿಗಾಲಕ್ಕೆ ಒದಗುವ ಶಕ್ತಿ ಅದು. ಈ ತಾಳಿಕೆಯನ್ನು ನಾವು ಸುಖವೆಂದು ತಿಳಿದದ್ದೇ ದೊಡ್ಡ ಅನ್ಯಾಯ. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯ ಬಹುಮಾನವಾಗಿ ಸಿಕ್ಕ ಟಿಶ್ ಎಂಬ ಗೋಲ್ಡ್‌ಫಿಶ್ 1999ರವರೆಗೆ, 43 ವರ್ಷ ಬದುಕಿತು. ಸಾಧಾರಣ ಆರೈಕೆಯಲ್ಲೇ ಹತ್ತು ವರ್ಷ ದಾಟಬೇಕಾದ ಪ್ರಾಣಿ ಇದು. ಸಾದಾ ತಳಿ ಒಂದಡಿ ಉದ್ದವೂ ಬೆಳೆಯುತ್ತದೆ. ‘ತೊಟ್ಟಿಯ ಅಳತೆಗೆ ತಕ್ಕಷ್ಟೇ ಬೆಳೆಯುತ್ತದೆ’ ಎನ್ನುವವರು ನೋಡುತ್ತಿರುವುದು ಕುಂಠಿತಗೊಂಡ ಮೀನನ್ನು. ರೋಮ್ ನಗರ 2005ರಲ್ಲಿ ದುಂಡು ಬೋಗುಣಿಗಳನ್ನೇ ನಿಷೇಧಿಸಿತು. ಒಂದು ಮೀನಿಗೂ 75 ಲೀಟರ್ ಹಿಡಿಯುವ ಅಗಲವಾದ ತೊಟ್ಟಿ ಇದ್ದರೆ ಒಳ್ಳೆಯದು. 20 ಡಿಗ್ರಿಯಲ್ಲಿ ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿದರೆ 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಆದ್ದರಿಂದ ನಮ್ಮ ಬೇಸಿಗೆಯಲ್ಲಿ ಏರ್ ಪಂಪ್ ಹಗಲೂ ರಾತ್ರಿ ಓಡಲಿ.

ಒತ್ತಡ ಮೀನಿಗೂ ಇದೆ. ನಮ್ಮಂತೆಯೇ ಅದರ ದೇಹದಲ್ಲೂ ಕಾರ್ಟಿಸೋಲ್ ಹಾರ್ಮೋನ್ ಸ್ರವಿಸುತ್ತದೆ. ಅದು ದಿನಗಟ್ಟಲೆ ಏರಿಯೇ ಇದ್ದರೆ ರೋಗನಿರೋಧಕ ಶಕ್ತಿ ಕುಗ್ಗಿ, ಬಿಳಿ ಚುಕ್ಕೆ ರೋಗದ ಪರಾವಲಂಬಿಗೆ ದಾರಿಯಾಗುತ್ತದೆ. ಮೈಯ ಪಕ್ಕದ ಪಾರ್ಶ್ವರೇಖೆಯಿಂದ ನೀರಿನ ಸಣ್ಣ ಕಂಪನವನ್ನೂ ಅದು ಗ್ರಹಿಸುತ್ತದೆ, ಕಿವಿಯೂ ಚುರುಕು. ಸ್ಪೀಕರ್ ಪಕ್ಕದಲ್ಲಿ ತೊಟ್ಟಿ ಇಡುವುದು, ಮಕ್ಕಳು ಗಾಜು ಬಡಿಯುವುದು ಅದಕ್ಕೆ ಹಿಂಸೆ. ರೆಪ್ಪೆಯಿಲ್ಲದ ಕಣ್ಣಿಗೆ ಕತ್ತಲೆ ಬೇಕು. ರಾತ್ರಿ ತೊಟ್ಟಿಯ ದೀಪ ಆರಿಸಿ.

ಮೀನು ಬೆನ್ನಿನ ರೆಕ್ಕೆ ಮಡಚಿಕೊಂಡು ಮೂಲೆ ಸೇರಿದರೆ, ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದರೆ ಔಷಧಿಗೆ ಅಂಗಡಿಗೆ ಓಡುವ ಮೊದಲು ಮೂರನೇ ಒಂದು ಭಾಗ ನೀರನ್ನು, ತೊಟ್ಟಿಯ ನೀರಿನಷ್ಟೇ ಬಿಸಿಯಿರುವ, ಕ್ಲೋರಿನ್ ತೆಗೆದ ನೀರಿನಿಂದ, ಬದಲಿಸಿ. ಅಮೋನಿಯ ಪರೀಕ್ಷೆಯ ಕಿಟ್ ಕೊಂಡಿಟ್ಟುಕೊಳ್ಳಿ. ಅದು ಸೊನ್ನೆ ತೋರಿಸುವವರೆಗೆ ದಿನವೂ ಸ್ವಲ್ಪ ನೀರು ಬದಲಿಸುತ್ತಿರಿ. ಆಹಾರವನ್ನು ಎರಡು ದಿನ ನಿಲ್ಲಿಸಿ. ಅಷ್ಟು ದಿನದ ಉಪವಾಸದಿಂದ ಆರೋಗ್ಯವಾಗಿ ಬೆಳೆದ ಗೋಲ್ಡ್‌ಫಿಶ್‌ಗೆ ಏನೂ ಆಗುವುದಿಲ್ಲ.