ಇದೇ ಮಾತನ್ನು ತಂಗಿ ಹೇಳಿದ್ದರೆ?

ಮಳೆಗಾಲ ಹಿಡಿಯುತ್ತಿದ್ದಂತೆ ಮುಂಬೈ ಬಳಿಯ ಡೊಂಬಿವಲಿಯ ನನ್ನ ಸಲಹಾ ಕೊಠಡಿಗೆ ಆತಂಕ ಹೊತ್ತು ಬರುವವರು ಹೆಚ್ಚುತ್ತಾರೆ. ಹಲವರು ಉಡುಪಿ, ಮಂಗಳೂರು ಕಡೆಯಿಂದ ಬಂದು ಇಲ್ಲಿ ನೆಲೆಯೂರಿದವರು, 2005ರ ಜುಲೈ 26ನ್ನು ಕಣ್ಣಾರೆ ಕಂಡವರು. ಅಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಲೋಕಲ್ ಗಾಡಿಗಳು ನಿಂತವು, ಮೊಬೈಲುಗಳು ಕೈಕೊಟ್ಟವು, ಜನ ಸೊಂಟದ ಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದರು.

ಅಂಥವರಲ್ಲಿ ಒಬ್ಬ ಗೃಹಿಣಿಯ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ದಕ್ಷಿಣ ಮುಂಬೈನ ಫೋರ್ಟ್‌ನ ಕಚೇರಿಯಿಂದ ಗಂಡ ಬರುವುದು ಅರ್ಧ ಗಂಟೆ ತಡವಾದರೆ ಸಾಕು, ಆಕೆಯ ಎದೆ ಡವಡವ ಹೊಡೆದುಕೊಳ್ಳುತ್ತದೆ. ಫೋನ್ ಮೇಲೆ ಫೋನ್. ಹತ್ತದಿದ್ದರೆ ಟಿವಿ ಮುಂದೆ ಕುಳಿತು ಎಲ್ಲೆಲ್ಲಿ ನೀರು ನಿಂತಿದೆ ಎಂದು ಹುಡುಕುವುದು. ಒಲೆಯ ಮೇಲಿನ ಸಾರು ಬತ್ತಿ ತಳ ಹಿಡಿದರೂ ಅರಿವಿಗೆ ಬರುವುದಿಲ್ಲ.

‘ಟೆನ್ಷನ್ ಮಾಡಿಕೊಳ್ಳಬೇಡ’ ಎಂದು ಮನೆಮಂದಿಯೆಲ್ಲ ಹೇಳಿ ಸೋತಿದ್ದರು. ಆತಂಕದಲ್ಲಿರುವವರಿಗೆ ಇದರಿಂದ ಕವಡೆಯಷ್ಟೂ ಪ್ರಯೋಜನವಿಲ್ಲ. ಭಯದ ಜೊತೆಗೆ, ಭಯಪಡುತ್ತಿದ್ದೇನಲ್ಲ ಎಂಬ ನಾಚಿಕೆಯೂ ಸೇರಿಕೊಳ್ಳುತ್ತದೆ, ಅಷ್ಟೇ.

ನಾನು ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮ ತಂಗಿ ಫೋನ್ ಮಾಡಿ, ನಮ್ಮ ಮನೆಯವರು ಇನ್ನೂ ಬಂದಿಲ್ಲವಕ್ಕ ಎಂದು ಅತ್ತರೆ ಏನು ಹೇಳುತ್ತೀರಿ?”

ಆಕೆ ತಡವರಿಸಲಿಲ್ಲ. “ಮಳೆಗೆ ಗಾಡಿ ನಿಂತಿರುತ್ತದೆ ಮಾರಾಯ್ತಿ. ಚಾರ್ಜ್ ಮುಗಿದಿರಬೇಕು. ನೀನು ಮೊದಲು ಎರಡು ತುತ್ತು ಉಣ್ಣು.”

ಗಮನಿಸಿ, ‘ಏನೂ ಆಗುವುದಿಲ್ಲ’ ಎಂಬ ಹುಸಿ ಭರವಸೆ ಈ ಮಾತಿನಲ್ಲಿಲ್ಲ. ಮನಸ್ಸು ಒಂದೇ ಕಥೆಗೆ ಜೋತುಬಿದ್ದಿದ್ದಾಗ, ನಡೆದಿರಬಹುದಾದ ಬೇರೆ ಕಥೆಗಳೂ ಇವೆ ಎಂದು ಆಕೆಯೇ ತೋರಿಸಿಕೊಟ್ಟರು. ಕರೆಯದೆ ನುಗ್ಗುವ ಇಂಥ ಯೋಚನೆಗಳನ್ನು ನಾವು ಸುದ್ದಿಯೆಂದೇ ನಂಬಿಬಿಡುತ್ತೇವೆ ಎಂಬುದನ್ನು ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಗುರುತಿಸಿ, ಅದರ ಮೇಲೆಯೇ ಚಿಕಿತ್ಸಾ ಕ್ರಮವೊಂದನ್ನು ಕಟ್ಟಿದರು. ಒತ್ತಡದ ಹೊತ್ತಿನಲ್ಲಿ ‘ನಾನು’ ಎನ್ನುವ ಬದಲು ತಮ್ಮನ್ನು ಹೆಸರು ಹಿಡಿದು ಮಾತನಾಡಿಸಿಕೊಂಡವರ ತಳಮಳ ಕಡಿಮೆಯಿತ್ತೆಂದು ಮನೋವಿಜ್ಞಾನಿ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದ್ದಾರೆ. ಮತ್ತೊಬ್ಬರ ಕಷ್ಟಕ್ಕೆ ನಮ್ಮಲ್ಲಿರುವ ವಿವೇಕ, ಆ ಸಣ್ಣ ದೂರದಿಂದಾಗಿ ನಮ್ಮ ಕಷ್ಟಕ್ಕೂ ಒದಗುತ್ತದೆ.

ಆದರೆ ದೃಷ್ಟಿ ಬದಲಾದರೆ ಸಾಲದು, ಕೈಯ ಅಭ್ಯಾಸವೂ ಬದಲಾಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಪ್ರತಿ ಫೋನ್ ಕರೆಯೂ ಕ್ಷಣಕಾಲ ನೆಮ್ಮದಿ ಕೊಡುತ್ತದೆ. ಫೋನ್ ಮಾಡಿದ್ದರಿಂದಲೇ ಬದುಕಿಕೊಂಡೆ ಎಂದು ಮಿದುಳು ಕಲಿಯುತ್ತದೆ. ಮುಂದಿನ ಸಲ ಇನ್ನೂ ಬೇಗ ಹೆದರುತ್ತದೆ. ಆದ್ದರಿಂದ ಒಂದು ಸಂದೇಶ ಕಳುಹಿಸಿ ಅರ್ಧ ಗಂಟೆ ಫೋನ್ ಮುಟ್ಟಬಾರದು ಎಂದು ಒಪ್ಪಂದ ಮಾಡಿಕೊಂಡೆವು. ಆ ಅರ್ಧ ಗಂಟೆಯಲ್ಲಿ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿ ಎರಡು ಸಾಲು ಬರೆಯಬೇಕು: ನನಗೆ ಗೊತ್ತಿರುವುದೇನು, ನಾನು ಊಹಿಸಿದ್ದೇನು. ‘ಫೋನ್ ಹತ್ತುತ್ತಿಲ್ಲ’ ಮೊದಲನೆಯದಕ್ಕೆ, ‘ಏನೋ ಆಗಿಹೋಗಿದೆ’ ಎರಡನೆಯದಕ್ಕೆ. ಎದೆಬಡಿತ ಜೋರಾಗಿದ್ದರೆ ಮೊದಲು ಕೆಲವು ಬಾರಿ ಉಸಿರನ್ನು ನಿಧಾನವಾಗಿ, ದೀರ್ಘವಾಗಿ ಹೊರಬಿಡಬೇಕು, ಬರವಣಿಗೆ ಆಮೇಲೆ.

ಜೋರು ಮಳೆಗೆ ಆಕೆಯ ಎದೆ ಈಗಲೂ ಬಡಿದುಕೊಳ್ಳುತ್ತದೆ. ಆದರೆ ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ.

ಇದು ಎಲ್ಲಕ್ಕೂ ಮದ್ದಲ್ಲ. ಮನೆ ಬಾಡಿಗೆಗೆ ದುಡ್ಡಿಲ್ಲದವನಿಗೆ ದೃಷ್ಟಿಕೋನ ಬದಲಿಸಿಕೋ ಎನ್ನುವುದು ಅನ್ಯಾಯ; ಅವನಿಗೆ ಬೇಕಾದದ್ದು ಕೆಲಸ. ನಿದ್ದೆ, ಊಟ, ದುಡಿಮೆ ವಾರಗಟ್ಟಲೆ ಕೆಟ್ಟಿದ್ದರೆ ವೈದ್ಯರನ್ನು ಕಾಣಲೇಬೇಕು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದ್ದರೂ ಇದೇ ಎದೆಬಡಿತ, ಇದೇ ಕೈನಡುಕ ಕಾಣಿಸಿಕೊಳ್ಳುತ್ತದೆ, ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ತಕ್ಷಣಕ್ಕೆ ಯಾರೊಡನಾದರೂ ಮಾತನಾಡಬೇಕೆನಿಸಿದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ತೆರೆದಿರುತ್ತದೆ. ಕರೆ ಉಚಿತ, ಕನ್ನಡದಲ್ಲೂ ಸೇವೆ ಇದೆ.