ಓದುವಾಗ ಗೊತ್ತಿತ್ತು, ಬರೆಯುವಾಗ ಬರಲಿಲ್ಲ

ಪರೀಕ್ಷೆ ಮುಗಿಸಿ ಹೊರಬಂದ ವಿದ್ಯಾರ್ಥಿಗಳ ಬಾಯಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ: ‘ಓದುವಾಗ ಎಲ್ಲಾ ಗೊತ್ತಿತ್ತು, ಬರೆಯೋಕೆ ಕೂತರೆ ಬರಲೇ ಇಲ್ಲ.’ ಕೇಳಿದವರು ಇದನ್ನು ನೆಪ ಎನ್ನುತ್ತಾರೆ. ಆದರೆ ಅದು ಬಹುಪಾಲು ನಿಜ. ಗೊತ್ತಿರುವುದರಲ್ಲಿ ಎರಡು ಬಗೆಯಿದೆ. ಕಣ್ಣೆದುರು ಬಂದಾಗ ಗುರುತು ಹಿಡಿಯುವುದು ಒಂದು, ಎದುರಿಗೆ ಏನೂ ಇಲ್ಲದೆ ನೆನಪಿನಿಂದ ಎಳೆದು ತರುವುದು ಇನ್ನೊಂದು. ದಾರಿಯಲ್ಲಿ ಸಿಕ್ಕವರ ಮುಖ ಗುರುತು ಸಿಗುತ್ತದೆ, ಹೆಸರು ಮಾತ್ರ ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತದೆ. ಪುಸ್ತಕವನ್ನು ಮೂರನೇ ಸಲ ತಿರುವಿ ಹಾಕುವಾಗ ನಾವು ಮುಖ ಗುರುತಿಸುತ್ತಿರುತ್ತೇವೆ. ಪ್ರಶ್ನೆಪತ್ರಿಕೆ ಕೇಳುವುದು ಹೆಸರನ್ನು.

ವಿಶ್ವವಿದ್ಯಾಲಯದ ಮಟ್ಟದಲ್ಲಿ ಅಂಕಗಳನ್ನು ನಿರ್ಧರಿಸುವ ಸಂಗತಿಗಳು ಯಾವುವು ಎಂಬ ಪ್ರಶ್ನೆಗೂ ಈ ಗೊಂದಲಕ್ಕೂ ಹತ್ತಿರದ ನಂಟಿದೆ. ಬುದ್ಧಿವಂತಿಕೆ, ಹಿಂದಿನ ಅಂಕ, ಮನೆಯ ಸ್ಥಿತಿ, ಪಾಠ ಹೇಳುವವರು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೆ ವಿದ್ಯಾರ್ಥಿಯ ಕೈಯಲ್ಲೇ ಇರುವ ಅಂಶಗಳ ವಿಷಯಕ್ಕೆ ಬಂದರೆ, ತೊಂದರೆ ಬಹಳ ಸಲ ಶ್ರಮದ ಕೊರತೆಯಲ್ಲ. ಯಾವುದು ಫಲ ಕೊಡುತ್ತಿದೆ ಎಂದು ಅಳೆಯಲು ಬಳಸುವ ಅಳತೆಗೋಲೇ ತಪ್ಪಾಗಿರುತ್ತದೆ. ‘ಸಲೀಸಾಗಿ ಹೋಗುತ್ತಿದೆ’ ಎಂಬ ಅನಿಸಿಕೆ ಆ ತಪ್ಪು ಅಳತೆಗೋಲು.

ಮೊದಲು ಅಂಕಿ ಅಂಶ ನೋಡೋಣ. ಮಿಶೆಲ್ ರಿಚರ್ಡ್‌ಸನ್, ಚಾರ್ಲ್ಸ್ ಏಬ್ರಹಾಂ ಮತ್ತು ರಾಡ್ ಬಾಂಡ್ 13 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಈ ಕ್ಷೇತ್ರದಲ್ಲಿ ಹೆಚ್ಚು ಉಲ್ಲೇಖಗೊಳ್ಳುವಂಥದ್ದು. ಎರಡು ಸಂಗತಿಗಳು ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬುದರ ಅಳತೆಗೆ ಸಹಸಂಬಂಧ ಎನ್ನುತ್ತಾರೆ; 0 ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ತಿ ನಂಟು. ಅವರ ಪಟ್ಟಿಯಲ್ಲಿ ಹೈಸ್ಕೂಲಿನ ಅಂಕಕ್ಕೂ ಪದವಿಯ ಅಂಕಕ್ಕೂ ಇರುವ ಸಹಸಂಬಂಧ ಸುಮಾರು 0.40. ಈ ಸಂಖ್ಯೆಯ ವರ್ಗ 0.16. ಅಂದರೆ ವಿದ್ಯಾರ್ಥಿಗಳ ನಡುವಿನ ಅಂಕದ ವ್ಯತ್ಯಾಸದಲ್ಲಿ ಶೇ. 16ರಷ್ಟು ಮಾತ್ರ ಹಳೆಯ ಅಂಕಗಳೊಂದಿಗೆ ಹೊಂದಿಕೊಂಡು ಹೋಗುತ್ತದೆ. ಹಿಡಿದ ಕೆಲಸ ಬೇಸರವಾದರೂ ಬಿಡದೆ ಮುಂದುವರಿಸುವ ಗುಣಕ್ಕೆ 0.32. ಪರೀಕ್ಷೆಯ ಭಯ, ಕೆಲಸ ಮುಂದೂಡುವ ಚಾಳಿ ಎರಡೂ ಋಣಾತ್ಮಕ, ಆದರೆ ಜನ ಅಂದುಕೊಂಡಷ್ಟು ದೊಡ್ಡವಲ್ಲ. ಪಟ್ಟಿಯ ತುದಿಯಲ್ಲಿದ್ದದ್ದು ‘ಈ ವಿಷಯದಲ್ಲಿ ನನಗೆ ಇಷ್ಟು ಅಂಕ ಬರುತ್ತದೆ’ ಎಂಬ ನಿರ್ದಿಷ್ಟ ನಂಬಿಕೆ, ಸುಮಾರು 0.59.

ಇದನ್ನು ಓದಿ ‘ಆತ್ಮವಿಶ್ವಾಸವಿದ್ದರೆ ಸಾಕು’ ಎಂದು ಭಾಷಣ ಮಾಡುವವರುಂಟು. ಸ್ವಲ್ಪ ತಡೆಯಬೇಕು. ಹಿಂದಿನ ಪರೀಕ್ಷೆಯಲ್ಲಿ ಚೆನ್ನಾಗಿ ಬರೆದವರಿಗೆ ಈ ನಂಬಿಕೆ ತಾನಾಗಿಯೇ ಬಂದಿರುತ್ತದೆ. ನಂಬಿಕೆ ಅಂಕ ತಂದಿತೋ, ಅಂಕ ನಂಬಿಕೆ ತಂದಿತೋ ಎಂಬುದನ್ನು ಸಹಸಂಬಂಧ ಹೇಳುವುದಿಲ್ಲ. ಎರಡೂ ದಿಕ್ಕಿನಲ್ಲಿ ಸಾಗುವ ಚಕ್ರವಿದು ಎಂಬುದೇ ಹೆಚ್ಚು ಸಮಂಜಸ. ಚಕ್ರದೊಳಗೆ ನುಗ್ಗಲು ಸುಲಭದ ಬಾಗಿಲು ಎಂದರೆ ಸಣ್ಣ ಪರೀಕ್ಷೆಗಳಲ್ಲಿ ನಿಜವಾಗಿ ಸರಿ ಉತ್ತರ ಬರೆದು ನೋಡುವುದು.

ತರಗತಿಯ ಹಾಜರಾತಿಯದು ಸಪ್ಪೆ ಎನಿಸುವ, ಆದರೆ ಗಟ್ಟಿಯಾದ ಸಂಗತಿ. 2010ರಲ್ಲಿ ಪ್ರಕಟವಾದ ಇನ್ನೊಂದು ಒಟ್ಟು ವಿಶ್ಲೇಷಣೆಯಲ್ಲಿ ಹಾಜರಾತಿಗೂ ಆ ವಿಷಯದ ಅಂಕಕ್ಕೂ ಇದ್ದ ಸಹಸಂಬಂಧ 0.44. ಪ್ರವೇಶ ಪರೀಕ್ಷೆಗಳ ಅಂಕಕ್ಕಿಂತ ಇದು ಚೆನ್ನಾಗಿ ಫಲಿತಾಂಶವನ್ನು ಸೂಚಿಸಿತು. ಆದರೆ ಕ್ಲಾಸಿನಲ್ಲಿ ಕೂತರೆ ಸಾಲದು. ಅಲ್ಲಿ ಏನು ನಡೆಯುತ್ತದೆ ಎಂಬುದೂ ಮುಖ್ಯ. 2014ರಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತ ಬೋಧನೆಯ 225 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಬರೀ ಉಪನ್ಯಾಸವಿದ್ದ ಕಡೆ ಸರಾಸರಿ ಶೇ. 33.8 ಮಂದಿ ಅನುತ್ತೀರ್ಣರಾಗಿದ್ದರು. ನಡುನಡುವೆ ಪ್ರಶ್ನೆ, ಚರ್ಚೆ, ಲೆಕ್ಕ ಬಿಡಿಸುವ ಕೆಲಸವಿದ್ದ ಕಡೆ ಶೇ. 21.8.

ಇಲ್ಲೇ ಅಳತೆಗೋಲಿನ ಮೋಸ ಕಣ್ಣಿಗೆ ಬೀಳುತ್ತದೆ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಪಾಠವನ್ನು ಒಂದು ಗುಂಪಿಗೆ ನಯವಾದ ಉಪನ್ಯಾಸವಾಗಿಯೂ ಇನ್ನೊಂದು ಗುಂಪಿಗೆ ಒದ್ದಾಡಿ ಬಿಡಿಸುವ ಚಟುವಟಿಕೆಯಾಗಿಯೂ ಕೊಟ್ಟರು. ಒದ್ದಾಡಿದವರು ಪರೀಕ್ಷೆಯಲ್ಲಿ ಮುಂದಿದ್ದರು. ‘ಎಷ್ಟು ಕಲಿತಿರಿ’ ಎಂದು ಕೇಳಿದಾಗ ಮಾತ್ರ, ತಾವು ಹೆಚ್ಚು ಕಲಿತೆವೆಂದವರು ಉಪನ್ಯಾಸ ಕೇಳಿದವರು. ನಿರರ್ಗಳವಾಗಿ ಮಾತಾಡುವವರ ಸಲೀಸು ಕೇಳುವವರಿಗೆ ತಮ್ಮದೇ ತಿಳಿವಳಿಕೆಯಂತೆ ಕಾಣುತ್ತದೆ.

ಮನೆಯಲ್ಲಿ ಕೂತು ಓದುವಾಗಲೂ ಇದೇ ಕತೆ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ಗುಂಪಿಗೆ ವಿಜ್ಞಾನದ ಸಣ್ಣ ಪಠ್ಯವೊಂದನ್ನು 5 ನಿಮಿಷದ ನಾಲ್ಕು ಅವಧಿಗಳಲ್ಲಿ ಓದಲು ಕೊಟ್ಟರು. ಅವರು ಅದನ್ನು ಸರಾಸರಿ 14 ಸಲ ಓದಿದರು. ಇನ್ನೊಂದು ಗುಂಪು ಒಂದೇ ಅವಧಿಯಲ್ಲಿ ಮೂರು ನಾಲ್ಕು ಸಲ ಓದಿ, ಉಳಿದ ಮೂರು ಅವಧಿಗಳಲ್ಲಿ ಪಠ್ಯ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಸರಿ ತಪ್ಪು ಯಾರೂ ಹೇಳಲಿಲ್ಲ. 5 ನಿಮಿಷದ ನಂತರ ಪರೀಕ್ಷಿಸಿದಾಗ ಬರೀ ಓದಿದವರು ಶೇ. 83, ಬರೆದು ನೋಡಿದವರು ಶೇ. 71. ಒಂದು ವಾರ ಕಳೆದ ಮೇಲೆ ಬರೀ ಓದಿದವರು ಶೇ. 40ಕ್ಕೆ ಇಳಿದರು, ಬರೆದು ನೋಡಿದವರು ಶೇ. 61ರಲ್ಲಿ ನಿಂತರು. ತಮಗೆ ಒಂದು ವಾರ ಬಿಟ್ಟೂ ಚೆನ್ನಾಗಿ ನೆನಪಿರುತ್ತದೆ ಎಂದು ಹೆಚ್ಚು ಭರವಸೆಯಿಂದ ಹೇಳಿದ್ದವರು ಯಾರೆಂದರೆ, 14 ಸಲ ಓದಿದವರು.

ಕಾರಣ ಸರಳ. ನೆನಪಿನಿಂದ ಹೊರತೆಗೆಯುವುದೂ ಒಂದು ಕೆಲಸವೇ, ಅದನ್ನು ಮಾಡಿದಷ್ಟೂ ಆ ದಾರಿ ಸವೆದು ಹಸನಾಗುತ್ತದೆ. ಓದುವಾಗ ಆ ದಾರಿಯಲ್ಲಿ ಓಡಾಟವೇ ಇರುವುದಿಲ್ಲ. ಆದರೂ 2009ರ ಸಮೀಕ್ಷೆಯೊಂದರಲ್ಲಿ 177 ವಿದ್ಯಾರ್ಥಿಗಳನ್ನು ಹೇಗೆ ಓದುತ್ತೀರಿ ಎಂದು ಕೇಳಿದಾಗ ಶೇ. 84 ಮಂದಿ ನೋಟ್ಸ್ ಅಥವಾ ಪುಸ್ತಕವನ್ನು ಮತ್ತೆ ಓದುತ್ತೇವೆ ಎಂದರು. ನೆನಪಿನಿಂದ ಹೇಳಿ ನೋಡುತ್ತೇವೆ ಎಂದವರು ಶೇ. 11. ಹೈಲೈಟರ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹತ್ತು ಓದುವ ವಿಧಾನಗಳನ್ನು ಒರೆಗೆ ಹಚ್ಚಿದ 2013ರ ವಿಮರ್ಶೆಯಲ್ಲಿ ಅದಕ್ಕೂ ಮರು ಓದಿಗೂ ಕೆಳಗಿನ ದರ್ಜೆ ಸಿಕ್ಕಿತ್ತು. ‘ನಾನು ನೋಡಿ ಕಲಿಯುವವನು, ಅವಳು ಕೇಳಿ ಕಲಿಯುವವಳು’ ಎಂಬ ವಿಂಗಡಣೆಗೂ, ಅದಕ್ಕೆ ತಕ್ಕಂತೆ ಕಲಿಸಿದರೆ ಅಂಕ ಹೆಚ್ಚುತ್ತದೆ ಎಂಬ ಮಾತಿಗೂ ಆಧಾರ ಸಿಕ್ಕಿಲ್ಲ.

ಒಂದು ಗಂಟೆಯ ಓದನ್ನು ಹೀಗೆ ಹೊಂದಿಸಿಕೊಳ್ಳಬಹುದು: 25 ನಿಮಿಷ ಓದು, 10 ನಿಮಿಷ ಪುಸ್ತಕ ಮುಚ್ಚಿ ಖಾಲಿ ಹಾಳೆಯ ಮೇಲೆ ಬರಹ, 10 ನಿಮಿಷ ಪುಸ್ತಕ ತೆರೆದು ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದುವುದು, 15 ನಿಮಿಷ ಲೆಕ್ಕ ಅಥವಾ ಹಳೆಯ ಪ್ರಶ್ನೆ. ಬಫರ್ ದ್ರಾವಣದ ಅಧ್ಯಾಯ ಎಂದಿಟ್ಟುಕೊಳ್ಳಿ. ಹಾಳೆಯ ಮೇಲೆ ಮೊದಲ ಸಾಲು ಸರಾಗವಾಗಿ ಬರುತ್ತದೆ: ‘ಆಮ್ಲ ಹಾಕಿದರೂ ಪಿಎಚ್ ಬದಲಾಗದ ದ್ರಾವಣ.’ ಮುಂದಿನ ಸಾಲಿಗೆ ಕೈ ನಿಲ್ಲುತ್ತದೆ. ಯಾಕೆ ಬದಲಾಗುವುದಿಲ್ಲ? ಅದರಲ್ಲಿ ಇರುವುದೇನು? ಎರಡು ನಿಮಿಷ ತಲೆ ಕೆರೆದುಕೊಂಡ ಮೇಲೆ ‘ದುರ್ಬಲ ಆಮ್ಲ ಮತ್ತು ಅದರ ಲವಣ’ ಎಂಬುದು ಹೊರಬರುತ್ತದೆ. ಎರಡೂ ಸಮಪ್ರಮಾಣದಲ್ಲಿದ್ದಾಗ ಏನಾಗುತ್ತದೆ ಎಂಬುದು ಹೊಳೆಯುವುದೇ ಇಲ್ಲ. ಪುಸ್ತಕ ತೆರೆದಾಗ ಕೆಂಪು ಪೆನ್ನು ಮೊದಲು ತಿದ್ದುವುದು ಸರಾಗವಾಗಿ ಬಂದ ಆ ಮೊದಲ ಸಾಲನ್ನೇ: ಪಿಎಚ್ ಬದಲಾಗುವುದಿಲ್ಲ ಎಂದಲ್ಲ, ಬದಲಾವಣೆ ತೀರಾ ಕಡಿಮೆ. ಸಮಪ್ರಮಾಣದಲ್ಲಿದ್ದಾಗ ಪಿಎಚ್ ಮತ್ತು ಪಿಕೆಎ (ಆ ಆಮ್ಲದ ಬಲ ಸೂಚಿಸುವ ಸಂಖ್ಯೆ) ಸಮ, ದ್ರಾವಣ ತಾಳಿಕೊಳ್ಳುವ ಶಕ್ತಿಯೂ ಆಗಲೇ ಹೆಚ್ಚು. ನಾಳೆ ಓದಬೇಕಾದದ್ದು ಇಡೀ ಅಧ್ಯಾಯವಲ್ಲ, ಕೆಂಪು ಬಿದ್ದ ಈ ಎರಡು ಜಾಗ.

ಇಲ್ಲಿ ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಹೊಳೆಯದಿದ್ದ ಕೂಡಲೇ ಪುಸ್ತಕ ಇಣುಕುವುದು ಒಂದು. ಆ ಎರಡು ನಿಮಿಷದ ಒದ್ದಾಟದಲ್ಲೇ ಕಲಿಕೆ ಇರುವುದರಿಂದ ಇಣುಕಿದರೆ ಲಾಭ ಹೋಯಿತು. ಇನ್ನೊಂದು, ಬರೆದದ್ದನ್ನು ತಿದ್ದದೆ ಬಿಡುವುದು. ತಪ್ಪು ಉತ್ತರವೂ ಅಷ್ಟೇ ಗಟ್ಟಿಯಾಗಿ ಕೂರುತ್ತದೆ.

ಎಷ್ಟು ದಿನ ಬಿಟ್ಟು ಮತ್ತೆ ಓದಬೇಕು? 2008ರಲ್ಲಿ ಸೆಪೆಡಾ ಮತ್ತು ಸಂಗಡಿಗರು 1,350ಕ್ಕೂ ಹೆಚ್ಚು ಜನರ ಮೇಲೆ ಇದನ್ನು ಪರೀಕ್ಷಿಸಿದರು. ಒಂದು ವಾರ ನೆನಪಿರಬೇಕಾದರೆ ಎರಡು ಓದುಗಳ ನಡುವೆ ಆ ಅವಧಿಯ ಶೇ. 20ರಿಂದ 40, ಅಂದರೆ ಒಂದೂವರೆಯಿಂದ ಮೂರು ದಿನದ ಅಂತರ ಸೂಕ್ತ. ಒಂದು ವರ್ಷ ಉಳಿಯಬೇಕಾದರೆ ಶೇ. 5ರಿಂದ 10, ಸುಮಾರು ಮೂರರಿಂದ ಐದು ವಾರ. ನಾಲ್ಕು ತಿಂಗಳ ಸೆಮಿಸ್ಟರ್‌ಗೆ ಪಾಠದ ದಿನ ಸಂಜೆ ಒಮ್ಮೆ, ಮೂರು ದಿನದ ನಂತರ ಒಮ್ಮೆ, ಎರಡು ವಾರದ ನಂತರ ಒಮ್ಮೆ, ಪರೀಕ್ಷೆಯ ಹಿಂದಿನ ವಾರ ಮತ್ತೊಮ್ಮೆ ಎಂಬ ಹಂಚಿಕೆ ಸಾಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಕೊನೆಯ ರಾತ್ರಿ ಓದುವುದು ಮರುದಿನಕ್ಕೆ ಅಷ್ಟಿಷ್ಟು ನೀರು ಕೊಟ್ಟೀತು. ಅದರ ಮೇಲೆ ಕಟ್ಟಬೇಕಾದ ಮುಂದಿನ ಸೆಮಿಸ್ಟರ್‌ನ ಪಾಠಕ್ಕೆ ಏನೂ ಉಳಿಯುವುದಿಲ್ಲ.

ಲೆಕ್ಕ ಇರುವ ವಿಷಯಗಳಲ್ಲಿ ಇನ್ನೊಂದು ಬಲೆಯಿದೆ. ಒಂದೇ ಬಗೆಯ ಹತ್ತು ಲೆಕ್ಕ ಸಾಲಾಗಿ ಮಾಡುವುದು. ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಪ್ರಯೋಗದಲ್ಲಿ ಒಂದೊಂದೇ ಬಗೆಯನ್ನು ಗುಡ್ಡೆ ಹಾಕಿ ಅಭ್ಯಾಸ ಮಾಡಿದವರು ಅಭ್ಯಾಸದಲ್ಲಿ ಶೇ. 89 ಸರಿ ಮಾಡಿದರು, ಬೆರೆಸಿ ಮಾಡಿದವರು ಶೇ. 60. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಗುಡ್ಡೆಯವರು ಶೇ. 20, ಬೆರಕೆಯವರು ಶೇ. 63. ಗುಡ್ಡೆ ಅಭ್ಯಾಸದಲ್ಲಿ ಯಾವ ಸೂತ್ರ ಬಳಸಬೇಕು ಎಂದು ಯೋಚಿಸುವ ಅಗತ್ಯವೇ ಬರುವುದಿಲ್ಲ. ಪರೀಕ್ಷೆಯಲ್ಲಿ ಅರ್ಧ ಕೆಲಸ ಅದೇ.

ನಿದ್ದೆಯ ವಿಷಯದಲ್ಲಿ ಎಲ್ಲರೂ ಉಪದೇಶ ಮಾಡುತ್ತಾರೆ, ಆದರೆ ತಪ್ಪು ರಾತ್ರಿಯ ಬಗ್ಗೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ತರಗತಿಯೊಂದರಲ್ಲಿ 88 ವಿದ್ಯಾರ್ಥಿಗಳಿಗೆ ನಿದ್ದೆ ಅಳೆಯುವ ಕೈಪಟ್ಟಿ ಕಟ್ಟಿ ಇಡೀ ಸೆಮಿಸ್ಟರ್ ಗಮನಿಸಿದರು. ಪರೀಕ್ಷೆಯ ಹಿಂದಿನ ರಾತ್ರಿಯ ನಿದ್ದೆಗೂ ಅಂಕಕ್ಕೂ ಸಂಬಂಧವೇ ಕಾಣಲಿಲ್ಲ. ಹಿಂದಿನ ವಾರ, ಹಿಂದಿನ ತಿಂಗಳ ನಿದ್ದೆಗೆ ಇತ್ತು. ನಿದ್ದೆಯ ಪ್ರಮಾಣ, ಗುಣ ಮತ್ತು ಕ್ರಮಬದ್ಧತೆ ಸೇರಿ ಅಂಕಗಳ ವ್ಯತ್ಯಾಸದ ಕಾಲು ಭಾಗದಷ್ಟರೊಂದಿಗೆ ಹೊಂದಿಕೊಂಡವು. ಮೊದಲ ವರ್ಷದ 600ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಒಳಗೊಂಡ 2023ರ ಅಧ್ಯಯನದಲ್ಲಿ, ರಾತ್ರಿ ಸರಾಸರಿ 6 ಗಂಟೆಗಿಂತ ಕಡಿಮೆ ಮಲಗುವವರಲ್ಲಿ ಅಂಕ ಕುಸಿತ ಎದ್ದುಕಾಣುತ್ತಿತ್ತು. ಸೆಮಿಸ್ಟರ್‌ನ ಆರಂಭದ ದಿನಗಳ ನಿದ್ದೆಯೇ ಅದರ ಕೊನೆಯ ಅಂಕದ ಸುಳಿವು ಕೊಡುತ್ತಿತ್ತು.

‘ನನಗೆ ಐದಾರು ಗಂಟೆ ಸಾಕು, ಅಭ್ಯಾಸವಾಗಿದೆ’ ಎನ್ನುವವರಿಗೂ ಉತ್ತರವಿದೆ. 2003ರ ಪ್ರಯೋಗಶಾಲಾ ಅಧ್ಯಯನದಲ್ಲಿ ಎರಡು ವಾರ ದಿನಕ್ಕೆ 6 ಗಂಟೆ ಮಾತ್ರ ಮಲಗಲು ಬಿಟ್ಟವರ ಗಮನಶಕ್ತಿ, ಇಡೀ ರಾತ್ರಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಅವರನ್ನು ಕೇಳಿದರೆ ಅಷ್ಟೇನೂ ನಿದ್ದೆ ಬರುತ್ತಿಲ್ಲ ಎಂದೇ ಹೇಳುತ್ತಿದ್ದರು. ಮತ್ತೆ ಅದೇ ಅಳತೆಗೋಲು.

ಫೋನು, ಲ್ಯಾಪ್‌ಟಾಪಿನ ವಿಷಯ ಬೇಗ ಮುಗಿಸಬಹುದು. ಪಾಠ ಕೇಳುತ್ತಾ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸವನ್ನೂ ಮಾಡಿದವರ ಅಂಕ ಶೇ. 11 ಕಡಿಮೆಯಾಯಿತು ಎಂದು 2013ರ ಪ್ರಯೋಗ ತೋರಿಸಿತು. ಅವರ ಹಿಂದೆ ಕೂತು, ಆ ಪರದೆ ಕಣ್ಣಿಗೆ ಬೀಳುತ್ತಿದ್ದ ಪಾಪದವರ ಅಂಕ ಶೇ. 17 ಕಡಿಮೆ. ಮುಂದಿನ ಸಾಲಿನಲ್ಲಿ ಕೂರಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ.

ಇಷ್ಟೆಲ್ಲ ಹೇಳಿದ ಮೇಲೂ, ಎಲ್ಲವೂ ವಿದ್ಯಾರ್ಥಿಯ ಕೈಯಲ್ಲಿದೆ ಎಂದರೆ ಅನ್ಯಾಯವಾದೀತು. ಹೊಟ್ಟೆಪಾಡಿಗೆ ವಾರಕ್ಕೆ 25 ಗಂಟೆ ದುಡಿಯುವವರಿಗೆ ಕಾಲಪಟ್ಟಿ ಹೊಂದಿಸಿಕೊ ಎನ್ನುವುದು ಸುಲಭ, ಆ 25 ಗಂಟೆ ಎಲ್ಲಿಂದ ಬರಬೇಕು ಎನ್ನುವುದು ಕಷ್ಟ. ಸಾಮಾನ್ಯವಾಗಿ ಮೊದಲು ಕತ್ತರಿ ಬೀಳುವುದು ನಿದ್ದೆಗೆ, ಆಮೇಲೆ ಹಾಜರಾತಿಗೆ. ‘ಇದು ನನ್ನಂಥವರ ಜಾಗವಲ್ಲ’ ಎಂಬ ಭಾವನೆಯೂ ಅಂಕ ತಿನ್ನುತ್ತದೆ. ಮೊದಲ ವರ್ಷದ ಪರಕೀಯತೆ ಎಲ್ಲರಿಗೂ ಆಗುವಂಥದ್ದು, ಕ್ರಮೇಣ ಕಳೆಯುತ್ತದೆ ಎಂದು ಮನಗಾಣಿಸುವ ಸುಮಾರು ಒಂದು ಗಂಟೆಯ ಚಟುವಟಿಕೆ, ಕಪ್ಪುಜನಾಂಗದ ವಿದ್ಯಾರ್ಥಿಗಳಿಗೂ ಬಿಳಿಯರಿಗೂ ಇದ್ದ ಅಂಕದ ಅಂತರವನ್ನು ಮೂರು ವರ್ಷಗಳಲ್ಲಿ ಅರ್ಧಕ್ಕಿಳಿಸಿತೆಂದು ವಾಲ್ಟನ್ ಮತ್ತು ಕೊಹೆನ್ 2011ರಲ್ಲಿ ಅಮೆರಿಕದಿಂದ ವರದಿ ಮಾಡಿದರು. ಮುಂದೆ ಹಲವು ಸಂಸ್ಥೆಗಳಲ್ಲಿ ನೋಡಿದಾಗ, ಅಂಥವರಿಗೆ ನಿಜವಾಗಿ ಜಾಗ ಕೊಡುವ ವಾತಾವರಣವಿದ್ದ ಕಡೆ ಮಾತ್ರ ಇದು ಚೆನ್ನಾಗಿ ಕೆಲಸ ಮಾಡಿತು.

ಕೊನೆಗೆ, ತಿದ್ದಿ ಬಂದ ಉತ್ತರಪತ್ರಿಕೆ. ಹೆಚ್ಚಿನವರು ಒಟ್ಟು ಅಂಕ ನೋಡಿ ಮಡಚಿಡುತ್ತಾರೆ. ಕಳೆದುಕೊಂಡ ಪ್ರತಿ ಅಂಕದ ಪಕ್ಕ ಮೂರರಲ್ಲಿ ಒಂದು ಗುರುತು ಹಾಕಬೇಕು: ಗೊತ್ತೇ ಇರಲಿಲ್ಲ, ಗೊತ್ತಿತ್ತು ಆದರೆ ನೆನಪಾಗಲಿಲ್ಲ, ನೆನಪಿತ್ತು ಆದರೆ ಪ್ರಶ್ನೆ ತಪ್ಪಾಗಿ ಓದಿದೆ ಅಥವಾ ಅರ್ಧ ಬರೆದೆ. ಮೊದಲನೆಯದಕ್ಕೆ ಓದು ಬೇಕು, ಎರಡನೆಯದಕ್ಕೆ ಖಾಲಿ ಹಾಳೆ, ಮೂರನೆಯದಕ್ಕೆ ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ. ಏಕಮಾನ ಬರೆಯದೆ ಎರಡು ಅಂಕ ಕಳೆದುಕೊಂಡವರು ಇಡೀ ಅಧ್ಯಾಯವನ್ನು ಮತ್ತೆ ಓದಿದರೆ ಮುಂದಿನ ಸಲವೂ ಏಕಮಾನ ಬಿಟ್ಟೇ ಹೋಗುತ್ತದೆ.