ಇಪ್ಪತ್ತು ಅಂದರೆ ಇಪ್ಪತ್ತು ಸೆಕೆಂಡ್ ನಿಲ್ಲುವುದಲ್ಲ

ತಿಂಗಳಿಗೆ ಎರಡು ಸಲವಾದರೂ ಯಾರಾದರೂ ಲ್ಯಾಪ್‌ಟಾಪ್ ಹಿಡಿದುಕೊಂಡು ಬರುತ್ತಾರೆ. ‘ಸಾರ್, ರೇಟ್ ಎತ್ತೋ ಸ್ಕ್ರಿಪ್ಟ್ ಮನೇಲಿ ಓಡುತ್ತೆ, ಮಂಡೀಲಿ ಓಡಲ್ಲ.’ ಕೋಡ್ ತೆರೆಯುವ ಮೊದಲೇ ನಾನು ಕೇಳುವುದು ಒಂದೇ, ‘ಸ್ಲೀಪ್ ಎಷ್ಟು ಹಾಕಿದ್ದೀಯ?’ ‘ಮೊದಲು ಎರಡು ಇತ್ತು, ಆಮೇಲೆ ಐದು ಮಾಡಿದೆ, ಈಗ ಹದಿನೈದು ಸಾರ್.’ ಸ್ಲೀಪ್ ಅಂದರೆ ಕೋಡನ್ನು ಇಷ್ಟು ಸೆಕೆಂಡ್ ಸುಮ್ಮನೆ ನಿಲ್ಲಿಸುವ ಸಾಲು.

2023ರ ಜುಲೈನಲ್ಲಿ ನಮ್ಮ ಕೋಲಾರದಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತಲ್ಲ, ಆಗಿನಿಂದ ನನ್ನ ಹತ್ತಿರ ಬರುವವರಲ್ಲಿ ‘ವೆಬ್‌ಸೈಟಿಂದ ದಿನಾ ರೇಟ್ ಎತ್ತಿಕೊಡೋ ಸ್ಕ್ರಿಪ್ಟ್ ಬೇಕು’ ಅನ್ನುವವರೇ ಜಾಸ್ತಿ. ಪೈಥಾನ್ ಕಲಿತ ಹುಡುಗರು ಸೆಲೆನಿಯಂ, ಅಂದರೆ ಕೋಡಿನಿಂದ ಬ್ರೌಸರ್ ಓಡಿಸುವ ಲೈಬ್ರರಿ, ಹಾಕಿಕೊಂಡು ಬರೆದೂ ಬಿಡುತ್ತಾರೆ. ಅದರ 4.6 ಆವೃತ್ತಿಯಿಂದ ಈಚೆಗೆ, ಬ್ರೌಸರ್‌ಗೆ ಮಾತು ಮುಟ್ಟಿಸುವ ಡ್ರೈವರ್ ಹುಡುಕಿ ಇಳಿಸುವ ಕೆಲಸವನ್ನೂ ಲೈಬ್ರರಿಯೇ ಮಾಡುತ್ತದೆ, ಆ ತಲೆನೋವು ಹೋಯಿತು. ಕಾಯುವ ತಲೆನೋವು ಮಾತ್ರ ಹಾಗೇ ಇದೆ.

ನಿಮ್ಮ ಕೋಡ್ ಬ್ರೌಸರ್ ಒಳಗೆ ಕೂತಿಲ್ಲ. ಅದು ಡ್ರೈವರ್‌ಗೆ ಹೇಳುತ್ತದೆ, ಡ್ರೈವರ್ ಬ್ರೌಸರ್‌ಗೆ ಹೇಳುತ್ತದೆ. ‘ಪುಟ ಲೋಡ್ ಆಯಿತು’ ಅಂತ ಬ್ರೌಸರ್ ಅಂದ ಕೂಡಲೇ ನಿಮ್ಮ ಮುಂದಿನ ಸಾಲು ಓಡುತ್ತದೆ. ಆದರೆ ಟೇಬಲ್ಲಿನ ಅಂಕಿಗಳನ್ನು ಪುಟದೊಳಗಿನ ಜಾವಾಸ್ಕ್ರಿಪ್ಟ್ ಕೋಡ್ ಆಮೇಲೆ ತರಿಸುತ್ತಿರುತ್ತದೆ, ನೆಟ್ ನಿಧಾನವಾದರೆ ಅದೂ ತಡ. ಎಪಿಎಂಸಿ ಗೇಟ್ ತೆಗೆದ ಮಾತ್ರಕ್ಕೆ ಹರಾಜು ಮುಗಿದಿರುತ್ತದೆಯೇ? ‘ಕ್ರೋಮ್ ಬಿಟ್ಟು ಫೈರ್‌ಫಾಕ್ಸ್ ಹಾಕಿದ್ರೆ ಸರಿಹೋಗುತ್ತಾ?’ ಅಂತ ಕೇಳುತ್ತಾರೆ. ಹೋಗುವುದಿಲ್ಲ. ಡ್ರೈವರ್ ಜೊತೆ ಮಾತಾಡುವ ಈ ರೀತಿ, ಅಂದರೆ ವೆಬ್‌ಡ್ರೈವರ್, 2018ರಿಂದ ವೆಬ್‌ನ ಮಾನದಂಡ ಮಾಡುವ ಡಬ್ಲ್ಯೂ3ಸಿ ಸಂಸ್ಥೆಯ ಮಾನದಂಡ, ಎರಡೂ ಬ್ರೌಸರ್ ಅದನ್ನೇ ಪಾಲಿಸುತ್ತವೆ.

ಮದ್ದು ಇರುವುದು ಸೆಲೆನಿಯಂನದೇ ವೆಬ್‌ಡ್ರೈವರ್‌ವೇಟ್‌ನಲ್ಲಿ, ನೀವು ಹೇಳಿದ ಷರತ್ತು ಈಡೇರುವವರೆಗೆ ಕಾಯುವುದು ಅದರ ಕೆಲಸ. ಅದಕ್ಕೆ 20 ಅಂತ ಕೊಟ್ಟರೆ ಹುಡುಗರ ಮುಖ ಸಪ್ಪಗಾಗುತ್ತದೆ, ‘ಅಷ್ಟು ಹೊತ್ತು ನಿಲ್ಲಬೇಕಾ ಸಾರ್?’ ಇಲ್ಲಪ್ಪ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅದು ಅರ್ಧ ಸೆಕೆಂಡಿಗೊಮ್ಮೆ ಇಣುಕಿ ನೋಡುತ್ತದೆ. ಒಂದೂವರೆ ಸೆಕೆಂಡಿಗೆ ಬಂದರೆ ಆಗಲೇ ಮುಂದಕ್ಕೆ ಹೋಗುತ್ತದೆ. 20 ಅನ್ನುವುದು ಕೈಬಿಡುವ ಗಡುವು ಅಷ್ಟೇ. ಸ್ಲೀಪ್ 15 ಹಾಕಿದರೆ ಮಾತ್ರ, ಒಂದೇ ಸೆಕೆಂಡಿಗೆ ಬಂದಿದ್ದರೂ ಹದಿನೈದೂ ಸುಮ್ನೆ ನಿಂತಿರುತ್ತದೆ, ಹದಿನಾರನೇ ಸೆಕೆಂಡಿಗೆ ಬಂದರೆ ಸಿಗುವುದೂ ಇಲ್ಲ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ, ಯಾವುದಕ್ಕೆ ಕಾಯಬೇಕು ಅನ್ನುವುದು. ಒಬ್ಬ ಮಂಡಿ ಮಾಲೀಕರ ಮಗ, ಚುರುಕು ಹುಡುಗ, ವೇಟ್ ಹಾಕಿಯೇ ಬರೆದಿದ್ದ. ಮೊದಲು ಚಿಂತಾಮಣಿ ಆರಿಸಿ ದರ ಓದುವುದು, ಆಮೇಲೆ ಕೋಲಾರ. ಎರಡು ದಿನ ಕೋಲಾರದ ಸಾಲಿನಲ್ಲಿ ಚಿಂತಾಮಣಿ ರೇಟೇ ಕೂತಿತ್ತು. ಎರರ್ ಇಲ್ಲ, ಏನೂ ಇಲ್ಲ. ಅವರಪ್ಪ ಅದೇ ನಂಬಿ ಫೋನಲ್ಲಿ ರೇಟ್ ಹೇಳಿ ಬೈಸಿಕೊಂಡರು, ಆ ಬೈಗುಳ ಸುತ್ತಿ ಬಳಸಿ ನನಗೂ ಬಂತು. ಆಗಿದ್ದು ಇಷ್ಟೇ. ‘ಟೇಬಲ್ ಕಾಣುವವರೆಗೆ ಕಾಯಿ’ ಅಂತ ಅವನು ಬರೆದಿದ್ದ. ಟೇಬಲ್ ಮೊದಲಿಂದಲೂ ಅಲ್ಲೇ ಇತ್ತು, ಚಿಂತಾಮಣಿಯದು! ಹೊಸದು ಬರುವ ಮೊದಲೇ ಹಳೆಯದನ್ನು ಓದಿಕೊಂಡು ಹೊರಟುಬಿಟ್ಟ.

ಹೀಗಿದ್ದಾಗ ನಾನು ಮಾಡುವುದು, ಹಳೆಯ ಟೇಬಲ್ಲಿನ ಮೊದಲ ಸಾಲನ್ನು ಹಿಡಿದಿಟ್ಟುಕೊಂಡು, ಊರು ಬದಲಿಸಿ, ಆ ಸಾಲು ಪುಟದಿಂದ ಅಳಿಸಿಹೋಗುವವರೆಗೆ ಕಾಯುವುದು. ಅದಕ್ಕೆಂದೇ ಸ್ಟೇಲ್‌ನೆಸ್ ಆಫ್ ಅನ್ನುವ ಷರತ್ತು ಇದೆ. ಆದರೆ ಕೆಲವು ಸೈಟುಗಳು ಸಾಲನ್ನು ಅಳಿಸುವುದಿಲ್ಲ, ಒಳಗಿನ ಅಂಕಿ ಮಾತ್ರ ಬದಲಿಸುತ್ತವೆ. ಅಲ್ಲಿ ಇದು ನಡೆಯುವುದಿಲ್ಲ. ಟೇಬಲ್ಲಿನಲ್ಲೇ ಊರಿನ ಹೆಸರಿದ್ದರೆ ಆ ಹೆಸರು ಬರುವವರೆಗೆ ಕಾಯಿರಿ. ಮಾರ್ಕೆಟ್ ರಜಾ ದಿನ ಆ ಹೆಸರೇ ಬರದೆ ಟೈಮ್‌ಔಟ್ ಆಗುತ್ತದೆ. ಅದಕ್ಕೂ ಕೋಡಿನಲ್ಲಿ ಒಂದು ದಾರಿ ಇಟ್ಟುಕೊಳ್ಳಿ, ಹಳೇ ರೇಟನ್ನು ಮಾತ್ರ ತುಂಬಬೇಡಿ. ಹಾಂ, ಇಂಪ್ಲಿಸಿಟ್ ವೇಟ್ (ಏನೇ ಹುಡುಕಿದರೂ ಇಷ್ಟು ಹೊತ್ತಿನವರೆಗೆ ಕಾಯಿ ಅಂತ ಒಂದೇ ಸಲ ಹೇಳಿಡುವುದು) ಮತ್ತು ವೆಬ್‌ಡ್ರೈವರ್‌ವೇಟ್, ಎರಡನ್ನೂ ಒಟ್ಟಿಗೆ ಹಾಕಬೇಡಿ. ಮೊದಲನೆಯದಕ್ಕೆ 10, ಎರಡನೆಯದಕ್ಕೆ 15 ಕೊಟ್ಟರೆ 20 ಸೆಕೆಂಡ್ ನಿಂತುಬಿಡಬಹುದು ಅಂತ ಸೆಲೆನಿಯಂನವರೇ ಎಚ್ಚರಿಸಿದ್ದಾರೆ.

ನಿಜ ಹೇಳಬೇಕೆಂದರೆ ಮಂಡಿ ದರಕ್ಕೆ ಬ್ರೌಸರ್ ಓಡಿಸುವುದೇ ಸುತ್ತುದಾರಿ. ಸರ್ಕಾರದ ಡೇಟಾ ಡಾಟ್ ಗವ್ ಡಾಟ್ ಇನ್‌ನಲ್ಲಿ ದಿನದ ಮಾರುಕಟ್ಟೆ ದರಕ್ಕೆ ಎಪಿಐ, ಅಂದರೆ ಬ್ರೌಸರ್ ಇಲ್ಲದೆ ಕೋಡೇ ನೇರ ಅಂಕಿ ಕೇಳಿ ಪಡೆಯುವ ದಾರಿ, ಇದೆ, ಮೊದಲು ಅದನ್ನು ನೋಡಿ. ಬೇರೆ ಸೈಟಾದರೆ ಅವರ ನಿಯಮ ಓದಿಕೊಂಡು ಮುಟ್ಟಿ.

ಮೊನ್ನೆ ಆ ಹುಡುಗ ತಿದ್ದಿದ ಕೋಡ್ ತಂದು ತೋರಿಸಿದ. ಷರತ್ತು ಸರಿ ಇತ್ತು, ರಜಾ ದಿನಕ್ಕೂ ದಾರಿ ಇಟ್ಟಿದ್ದ. ಅದರ ಕೆಳಗೇ ಒಂದು ಸ್ಲೀಪ್, ಎರಡು ಸೆಕೆಂಡಿನದು.

‘ಇದ್ಯಾಕಪ್ಪ?’ ಅಂದೆ.

‘ಧೈರ್ಯಕ್ಕೆ ಇರಲಿ ಅಂತ ಸಾರ್.’